ಹೂ ಕಿತ್ರೂ ಪರವಾಗಿಲ್ಲ, ಎಲೆ ಮುಟ್ಬೇಡ

ಈಗ ಜೂನ್ ಮೊದಲನೇ ವಾರ, ನಮ್ಮನೆ ಹಿತ್ತಲು ನೋಡಿದವರು ಈ ಮನೇಲಿ ಜನ ಇದಾರಾ ಇಲ್ಲಾ ಬೀಗ ಹಾಕ್ಕೊಂಡು ಊರಿಗೆ ಹೋಗಿದಾರಾ ಅಂತ ಕೇಳೋ ಹಾಗಿದೆ. ಅರ್ಧ ಹಳದಿ ಅರ್ಧ ಕಂದು ಟ್ಯುಲಿಪ್ ಎಲೆಗಳು ನೆಲದ ಮೇಲೆ ಮಲ್ಕೊಂಡಿವೆ, ಮಧ್ಯ ಮಧ್ಯ ಐಸ್‌ಕ್ರೀಮ್ ಕಡ್ಡಿ ಚುಚ್ಚಿ ಅದರ ಮೇಲೆ ಪೆನ್ನಲ್ಲಿ ಹೆಸರು ಬರೆದಿದ್ದೆ, ಮಳೆಗೆ ಅದೂ ಅಳಿಸಿ ಹೋಗಿದೆ. ನಮ್ಮನೆಯವರು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹಿಂಬಾಗ್ಲಲ್ಲಿ ನಿಂತು "ಇದನ್ನ ಯಾವಾಗ ಕ್ಲೀನ್ ಮಾಡೋದು" ಅಂತಾರೆ, ನಾನು "ಇನ್ನೊಂದ್ ಹತ್ತು ದಿನ" ಅಂತೀನಿ. ಈ ಹತ್ತು ದಿನ ಮೇ ಮಧ್ಯದಿಂದ ನಡೀತಾನೇ ಇದೆ.

ಏಪ್ರಿಲಲ್ಲಿ ಟ್ಯುಲಿಪ್ ಫೋಟೋ ಕಳಿಸಿದಾಗ ಊರಿನ ಕಸಿನ್ಸ್, ಹಳೇ ಆಫೀಸ್ ಫ್ರೆಂಡ್ಸ್ ಎಲ್ಲ ಕೇಳಿದ್ರು, ಹೆಂಗೆ ನೆಡೋದು, ಯಾವಾಗ ನೆಡೋದು, ಬೆಂಗಳೂರಲ್ಲಿ ಆಗುತ್ತಾ ಅಂತ. ಆಗ್ಲೇ ಬರೀಬಹುದಿತ್ತು, ಹೂವಿನ ಫೋಟೋ ಹಾಕಿದ್ರೆ ನೋಡೋಕೂ ಚೆನ್ನಾಗಿರ್ತಿತ್ತು. ಆದ್ರೆ ಈ ಗೆಡ್ಡೆ ಗಿಡಗಳ ಅಸಲಿ ಕೆಲಸ ನಡೆಯೋದು ಈಗ, ಹೂ ಎಲ್ಲ ಹೋಗಿ ಈ ಕೊಳಕು ಎಲೆ ಮಾತ್ರ ಉಳ್ಕೊಂಡಿರೋ ಟೈಮಲ್ಲಿ, ಅದಕ್ಕೆ ಬೇಕಂತಲೇ ಈಗ ಬರೀತಾ ಇದೀನಿ. ಮತ್ತೆ ಇದು ನನಗೆ ಯಾವುದೋ ವಿಡಿಯೋ ನೋಡಿ ಗೊತ್ತಾಗಿದ್ದಲ್ಲ, ಟ್ಯುಲಿಪ್ ಗಿಡ ಜನ್ಮದಲ್ಲಿ ನೋಡಿರದ ನಮ್ಮಮ್ಮ ಹೇಳಿಕೊಟ್ಟಿದ್ದು.

ನಾವಿರೋದು ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಊರು, ಬಸ್ ಹತ್ತಿದ್ರೆ ಯಾವುದೋ ಒಂದು ಸೀಟಿಂದ ಕನ್ನಡನೋ ತೆಲುಗೋ ಕೇಳ್ಸೇ ಕೇಳ್ಸುತ್ತೆ ಅಷ್ಟು ನಮ್ಮವರಿದಾರೆ. ಮೊದಲು ಅಪಾರ್ಟ್‌ಮೆಂಟಲ್ಲಿದ್ವಿ, ಆಮೇಲೆ ಒಂದು ಸಾಲುಮನೆ ಸಿಕ್ತು, ಹಿಂದೆ ಒಂಚೂರು ಜಾಗ. ತೀರ್ಥಹಳ್ಳಿ ಕಡೆ ಅಡಿಕೆ ಒಣಹಾಕೋ ಅಂಗಳದಲ್ಲಿ ಆಡಿ ಬೆಳೆದವಳಿಗೆ ಅದು ಎರಡು ಚಾಪೆ ಅಗಲ ಅಷ್ಟೆ, ಅದಕ್ಕೂ ಹಳೇ ಮಾಲೀಕರು ಪೂರ್ತಿ ಕಾಂಕ್ರೀಟ್ ಟೈಲ್ ಹಾಕ್ಸಿಟ್ಟಿದ್ರು. ಇಲ್ಲಿ ತುಂಬಾ ಮನೆಗಳ ಹಿತ್ತಲು ಹಿಂಗೇ, ಈಗೀಗ ಮಳೆ ನೀರು ಇಂಗಲ್ಲ ಅಂತ ಅರಿವಾಗಿ ಟೈಲ್ ಕೀಳೋದಕ್ಕೇ ಊರೂರ ನಡುವೆ ಸ್ಪರ್ಧೆ ಮಾಡ್ತಾರೆ, ಯಾವ ಊರು ಜಾಸ್ತಿ ಕಿತ್ತಿತು ಅಂತ. ನಾವೂ ಒಂದು ಭಾನುವಾರ ಕೂತು ಒಂದು ಗೋಡೆ ಪಕ್ಕದ ಎರಡು ಸಾಲು ಕಿತ್ವಿ. ಕೆಳಗೆ ಒಂದು ಗೇಣು ಮರಳು, ಅದರ ಕೆಳಗೆ ಕಪ್ಪು ಜೇಡಿ. ಆ ಮರಳನ್ನ ಹೊರಗೆ ಎಸೆಯೋಕೆ ಹೊರಟಿದ್ದೆ, ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ಬಗ್ಗಿ ಬೇಡ ಬೇಡ ಅಂತ ಕೈ ಆಡಿಸಿದ್ರು, ಗೆಡ್ಡೆಗೆ ಅದೇ ಬೇಕು, ಜೇಡಿ ಜೊತೆ ಕಲಸು ಅಂದ್ರು. ನೀರು ನಿಂತ್ರೆ ಗೆಡ್ಡೆ ಕೊಳೆಯುತ್ತೆ, ಅಷ್ಟೇ ಅದರ ಗುಟ್ಟು. ಇಲ್ಲಿ ಹೆಸರಾದ ಹಳೇ ಹೂವಿನ ಗದ್ದೆಗಳು ಸಮುದ್ರದ ದಿಬ್ಬದ ಹಿಂದಿನ ಮರಳು ನೆಲದಲ್ಲಿ ಇರೋದೂ ಅದಕ್ಕೇನೆ.

ಸೆಪ್ಟೆಂಬರ್ ಬಂತಂದ್ರೆ ಗಾರ್ಡನ್ ಸೆಂಟರ್‌ಗಳಲ್ಲಿ ಗೆಡ್ಡೆ ರಾಶಿ ಬೀಳುತ್ತೆ, ಥೇಟ್ ಯಶವಂತಪುರದ ಈರುಳ್ಳಿ ಮಂಡಿ. ಪ್ಯಾಕೆಟ್ ಮೇಲೆ 11/12, 12/14 ಅಂತೆಲ್ಲ ಬರೆದಿರುತ್ತೆ, ಅದು ಗೆಡ್ಡೆಯ ಸುತ್ತಳತೆ, ಸೆಂಟಿಮೀಟರಲ್ಲಿ. ದೊಡ್ಡ ಟ್ಯುಲಿಪ್ ತಗೊಳ್ಳೋದಾದ್ರೆ 11/12ಕ್ಕಿಂತ ಚಿಕ್ಕದು ತಗೋಬೇಡಿ, ಚೀಪ್ ಇದೆ ಅಂತ ತಂದ್ರೆ ಹೂವೂ ಚೀಪಾಗೇ ಇರುತ್ತೆ. ಗೆಡ್ಡೆ ಒತ್ತಿ ನೋಡ್ಬೇಕು, ಮೆತ್ತಗಿದ್ರೆ ಬೇಡ, ಮೇಲೆ ನೀಲಿ ಬೂಷ್ಟು ಸ್ವಲ್ಪ ಇದ್ರೆ ತೊಂದ್ರೆ ಇಲ್ಲ ಒರೆಸಿದ್ರೆ ಹೋಗುತ್ತೆ. ನಾನು ಆ ವರ್ಷ ತಲೆ ಕೆಟ್ಟವಳ ತರ 100 ಟ್ಯುಲಿಪ್, 30 ಡ್ಯಾಫೊಡಿಲ್, ಒಂದು ಹಿಡಿ ಕ್ರೋಕಸ್, ಐದು ಹಯಸಿಂತ್ ತಂದೆ.

ನೆಡೋದು ಏನೂ ಬ್ರಹ್ಮವಿದ್ಯೆ ಅಲ್ಲ ಕಣ್ರೀ. ಗೆಡ್ಡೆ ಎಷ್ಟು ಎತ್ತರ ಇದೆಯೋ ಅದರ ಮೂರು ಪಟ್ಟು ಆಳ, ಟ್ಯುಲಿಪ್ ಡ್ಯಾಫೊಡಿಲ್‌ಗೆ ಸುಮಾರು 15 ಸೆಂಟಿಮೀಟರ್, ಕ್ರೋಕಸ್‌ಗೆ 7-8 ಸಾಕು, ಚೂಪು ತುದಿ ಮೇಲೆ. ಡ್ಯಾಫೊಡಿಲ್ ಸ್ವಲ್ಪ ಬೇಗ, ಸೆಪ್ಟೆಂಬರ್ ಅಕ್ಟೋಬರಲ್ಲಿ ನೆಟ್ರೆ ಒಳ್ಳೇದು, ಟ್ಯುಲಿಪ್‌ಗೆ ಅವಸರ ಬೇಡ, ನವೆಂಬರ್ ಚಳಿ ಬಿದ್ದ ಮೇಲೆ ನೆಟ್ರೆ ರೋಗ ಕಮ್ಮಿ. ಆಮೇಲೆ ನಮ್ಮ ಕೆಲಸ ಏನೂ ಇಲ್ಲ, ಚಳಿಯ ಕೆಲಸ. ಟ್ಯುಲಿಪ್‌ಗೆ 12ರಿಂದ 16 ವಾರ 9 ಡಿಗ್ರಿಗಿಂತ ಕಮ್ಮಿ ಚಳಿ ತಾಗ್ಲೇಬೇಕು, ಆಗ್ಲೇ ಒಳಗಿನ ಕಾಂಡ ಉದ್ದ ಆಗೋದು. ನನಗೆ ಆ ಚಳಿ ಕಂಡ್ರೆ ಆಗಲ್ಲ, ಸಂಜೆ ನಾಲ್ಕೂವರೆಗೆ ಕತ್ತಲು, ಎಲ್ಲರ ಮುಖ ಗಂಟು. ಆದ್ರೆ ಈ ಗೆಡ್ಡೆ ನೆಟ್ಟ ಮೇಲೆ ಇದೊಂದು ಸಮಾಧಾನ, ಅಂತೂ ಈ ಚಳಿ ಯಾರಿಗೋ ಉಪಯೋಗಕ್ಕೆ ಬರ್ತಾ ಇದೆಯಲ್ಲ ಅಂತ.

ಮೊದಲ ವರ್ಷದ ವಸಂತ ಹೇಳೋಕಾಗಲ್ಲ ಬಿಡಿ. ಫೆಬ್ರವರಿ ಕೊನೇಲಿ ಕ್ರೋಕಸ್, ಮಾರ್ಚಲ್ಲಿ ಡ್ಯಾಫೊಡಿಲ್, ಏಪ್ರಿಲಲ್ಲಿ ಟ್ಯುಲಿಪ್, ಒಂದರ ಹಿಂದೆ ಒಂದು ಮದುವೆ ಮನೆಗೆ ನೆಂಟರು ಬಂದ ಹಾಗೆ ಬಂದ್ವು. ಟ್ಯುಲಿಪ್ ಬೆಳಿಗ್ಗೆ ಮುಚ್ಚಿರುತ್ತೆ, ಬಿಸಿಲು ಕಾಯ್ತಾ ಕಾಯ್ತಾ ಬಾಯಿ ಬಿಡುತ್ತೆ, ಸಂಜೆ ತಣ್ಣಗಾದ್ರೆ ಮತ್ತೆ ಮುಚ್ಚುತ್ತೆ, ನಾನು ವರ್ಕ್ ಫ್ರಮ್ ಹೋಮ್ ದಿನ ಮೀಟಿಂಗ್ ಮಧ್ಯ ಮಧ್ಯ ಎದ್ದು ಹೋಗಿ ನೋಡ್ತಿದ್ದೆ. ಮೇ ಬಂತು, ದಳ ಉದುರಿತು, ಬರೀ ಎಲೆ ಉಳೀತು. ಮಗನ ಬರ್ತ್‌ಡೇಗೆ ಹದಿನೈದು ಜನ ಬರೋರಿದ್ರು. ಹಿಂದಿನ ದಿನ ಅಡುಗೆಮನೆ ಕತ್ತರಿ ತಗೊಂಡು ಅಷ್ಟೂ ಎಲೆ ನೆಲಮಟ್ಟಕ್ಕೆ ಕಚಕಚ ಅಂತ ಕತ್ತರಿಸಿ ಎರಡು ಚೀಲ ತುಂಬಿ ಹಸಿ ಕಸದ ಡಬ್ಬಕ್ಕೆ ಹಾಕ್ದೆ. ಹಿತ್ತಲು ಕಟಿಂಗ್ ಶಾಪಿಂದ ಬಂದ ಹುಡುಗನ ತರ ನೀಟಾಗಿತ್ತು, ಬಂದವರೆಲ್ಲ ಎಷ್ಟು ಚೆನ್ನಾಗಿ ಇಟ್ಕೊಂಡಿದೀರ ಅಂದ್ರು, ನಾನೂ ಹೌದು ಅಂದ್ಕೊಂಡೆ.

ಮುಂದಿನ ವರ್ಷ ಅಮ್ಮನ್ನ ಕರೆಸಿದ್ದೇ ಹೂ ತೋರಿಸೋಕೆ ಅಂತ. 90 ದಿನದ ವೀಸಾ, ಏಪ್ರಿಲ್ ಮಧ್ಯದಲ್ಲಿ ಬಂದ್ಲು. ಅಷ್ಟರಲ್ಲಿ ನನಗೆ ಎದೆ ಡವಡವ ಶುರುವಾಗಿತ್ತು, ಯಾಕಂದ್ರೆ ಹಿತ್ತಲಲ್ಲಿ ಹೂವೇ ಇಲ್ಲ. ಡ್ಯಾಫೊಡಿಲ್ ಹುಲ್ಲಿನ ತರ ಎದ್ದಿದೆ, ಮೊಗ್ಗು ಮೂರೋ ನಾಲ್ಕೋ. ಟ್ಯುಲಿಪ್ ಒಂದೊಂದು ಗೆಡ್ಡೆಯಿಂದ ಒಂದೇ ಒಂದು ಅಗಲ ಎಲೆ, ಕೆಸುವಿನ ಎಲೆ ಚಿಕ್ಕದಾಗಿದ್ರೆ ಹೇಗೋ ಹಾಗೆ, ನಡುವೆ ಕಾಂಡನೂ ಇಲ್ಲ ಏನೂ ಇಲ್ಲ. ನೂರರಲ್ಲಿ ಹನ್ನೊಂದು ಹೂ. ಎಣಿಸಿದ್ದೆ.

ಮರ್ಯಾದೆ ಉಳಿಸ್ಕೊಳೋಕೆ ಮೊದಲು ಅಮ್ಮನ್ನ ಲಿಸ್ಸೆ ಕಡೆ ಕರ್ಕೊಂಡು ಹೋದೆ. ಕೇಕನ್‌ಹಾಫ್ ಇರೋದು ಅಲ್ಲೇ, 1950ರಿಂದ ವಸಂತದಲ್ಲಿ ತೆರೆಯೋ ಆ ದೊಡ್ಡ ಹೂದೋಟ, 32 ಹೆಕ್ಟೇರ್, ಸುಮಾರು 70 ಲಕ್ಷ ಗೆಡ್ಡೆ, ಅಷ್ಟನ್ನೂ ಚಳಿಗಾಲಕ್ಕೆ ಮುಂಚೆ ಕೈಯಲ್ಲೇ ನೆಡ್ತಾರೆ. ಕೇಕನ್ ಅಂದ್ರೆ ಡಚ್ ಭಾಷೇಲಿ ಅಡುಗೆಮನೆ, ಹಿಂದೆ ಅಲ್ಲಿನ ಕೋಟೆಯ ಅಡುಗೆಗೆ ಬೇಕಾದ ಸೊಪ್ಪು ತರಕಾರಿ ಬೆಳೀತಿದ್ದ ಜಾಗವಂತೆ. ಅಂದ್ರೆ ಹಿತ್ತಲು ಅನ್ನು ಅಂದ್ಲು ಅಮ್ಮ. ಅಷ್ಟು ದೊಡ್ಡ ತೋಟ ನೋಡಿ ಅವಳಿಗೆ ಖುಷಿ ಆಯ್ತು ನಿಜ, ಆದ್ರೆ ಕಾಲು ನೋವು, ಸೆಲ್ಫಿ ಗಲಾಟೆ, ಕಾಫಿ ರೇಟು ಎಲ್ಲ ಸೇರಿ ಸುಸ್ತಾದ್ಲು. ಅವಳ ಮನಸ್ಸಿಗೆ ತಾಗಿದ್ದು ಆಮೇಲೆ ಹೊರಗಡೆ ಗದ್ದೆ ದಾರೀಲಿ ನೋಡಿದ್ದು.

ಹಯಸಿಂತ್ ಗದ್ದೆ ಪಕ್ಕ ಕಿಟಕಿ ಇಳಿಸಿದ್ವಿ, ವಾಸನೆ ಕಾರೊಳಗೆ ನುಗ್ಗಿತು, ಸುಗಂಧರಾಜ ಇದ್ದ ಹಾಗಿದೆಯಲ್ಲೇ ಅಂತ ಕಣ್ಣು ಮುಚ್ಚಿ ಕೂತ್ಲು. ಎದುರಿಂದ ಬಂದ ಒಂದು ಕಾರಿನ ಬಾನೆಟ್ ಮೇಲೆ ಹೂವಿನ ಹಾರ, ಇಲ್ಲಿ ಗದ್ದೆ ಕಡೆ ಅದೊಂದು ಹಳೇ ಪದ್ಧತಿ, ದಾರಿ ಬದಿ ಹಾರ ಮಾರ್ತಾರೆ ಜನ ಕಾರಿಗೆ ಸೈಕಲ್‌ಗೆ ಹಾಕ್ಕೊಂಡು ಹೋಗ್ತಾರೆ. ಅಮ್ಮ ಎದ್ದು ಕೂತು "ಇವ್ರಿಗೂ ಆಯುಧಪೂಜೆ ಇದೆಯನೇ?" ಅಂದ್ಲು. ಇನ್ನೊಂದು ಕಿಲೋಮೀಟರ್ ಮುಂದೆ ಒಂದು ಮಷೀನ್ ಕೆಂಪು ಟ್ಯುಲಿಪ್ ಗದ್ದೆ ಮೇಲೆ ಓಡಾಡ್ತಾ ಇತ್ತು, ಅದು ಹೋದಲ್ಲೆಲ್ಲ ಕೆಂಪು ಮಾಯ ಆಗಿ ಬರೀ ಹಸಿರು ಉಳೀತಿತ್ತು, ಕಾಲುವೆ ಬದೀಲಿ ಹೂವಿನ ತಲೆಗಳ ರಾಶಿ, ಆಳೆತ್ತರ. ಅಮ್ಮ ಕಾರು ನಿಲ್ಲಿಸು ಅಂದ್ಲು. ಇಳಿದು ಹೋಗಿ ಆ ರಾಶಿ ಮುಂದೆ ನಿಂತು ಸುಮಾರು ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ "ದೇವರ ತಲೆ ಮೇಲಾದ್ರೂ ಹಾಕ್ಬಾರ್ದಾ ಇದನ್ನ" ಅಂದ್ಲು.

ನಾನು ನನಗೆ ಗೊತ್ತಿದ್ದಷ್ಟು ಹೇಳ್ದೆ. ಈ ಗದ್ದೆಯವರು ಹೂವಿಗೋಸ್ಕರ ಬೆಳೆಯೋದಲ್ಲ, ಗೆಡ್ಡೆಗೋಸ್ಕರ. ಹೂ ಅರಳಿದ ಮೇಲೆ ಬಣ್ಣ ಸರಿ ಇದೆಯಾ ಬೇರೆ ಜಾತಿ ಸೇರ್ಕೊಂಡಿದೆಯಾ ವೈರಸ್ ಬಂದಿದೆಯಾ ಅಂತ ಸಾಲು ಸಾಲಾಗಿ ನೋಡ್ತಾರೆ, ಕಾಯಿಲೆ ಗಿಡ ಕಿತ್ತು ಹಾಕ್ತಾರೆ, ಆಮೇಲೆ ಹೂವಿನ ತಲೆ ಕಡೀತಾರೆ, ಇಲ್ಲಾಂದ್ರೆ ಬೀಜ ಕಟ್ಟೋಕೆ ಶಕ್ತಿ ಹೋಗಿ ಗೆಡ್ಡೆ ದಪ್ಪ ಆಗಲ್ಲ. ಇದಕ್ಕೆ ಇಲ್ಲಿ ಕೊಪ್ಪೆನ್ ಅಂತಾರೆ ಅಂದೆ. "ಕೊಪ್ಪನಾ?" ಅಂದ್ಲು, ನಮ್ಮ ಕಡೆಯವರಿಗೆ ಕೊಪ್ಪ ಅಂದ್ರೆ ಶೃಂಗೇರಿ ರೋಡಲ್ಲಿರೋ ಕೊಪ್ಪ. ಅಲ್ಲಿದ್ದ ಒಬ್ಬರನ್ನ ಕೇಳಿದ್ವಿ ಒಂದಿಷ್ಟು ತಗೋಬಹುದಾ ಅಂತ, ಆ ಮನುಷ್ಯ ನಕ್ಕು ಪೂರ್ತಿ ರಾಶಿ ಕಡೆ ಕೈ ತೋರಿಸಿದ. ಬಟ್ಟೆ ಚೀಲ ತುಂಬಾ ತಂದ್ವಿ. ರಾತ್ರಿ ಸೂಜಿ ದಾರದಲ್ಲಿ ಪೋಣಿಸಿ ಹಾರ ಮಾಡಿ ದೇವರ ಪಟಕ್ಕೆ ಹಾಕಿದ್ಲು, ಮನೆ ಒಳಗಿನ ಹೀಟರ್ ಬಿಸಿಗೆ ಬೆಳಿಗ್ಗೆ ಹೊತ್ತಿಗೆ ಎಲ್ಲ ಬಾಯಿ ಬಿಟ್ಟು ದಳ ಉದುರಿ ಪಟದಲ್ಲಿ ಬರೀ ಹಸಿರು ಕಡ್ಡಿ ನೇತಾಡ್ತಿತ್ತು.

ಹಾರ ತೆಗೆದು ಹಾಕೋಕೆ ಹಿತ್ತಲಿಗೆ ಬಂದವಳು ನನ್ನ ಪಾತಿ ಮುಂದೆ ಕೂತ್ಲು.

"ಇದೇನೇ ಇದು, ಒಂದೊಂದೇ ಎಲೆ?"

"ಗೊತ್ತಿಲ್ಲಮ್ಮ, ಹೋದ್ ವರ್ಷ ಎಷ್ಟು ಚೆನ್ನಾಗಿತ್ತು ಗೊತ್ತಾ."

"ಹೂ ಆದ್ಮೇಲೆ ಏನ್ ಮಾಡ್ದೆ?"

"ಏನಿಲ್ಲ, ಕ್ಲೀನ್ ಮಾಡ್ದೆ, ಎಲೆ ಎಲ್ಲ ಕಟ್ ಮಾಡ್ದೆ."

"ಒಣಗಿತ್ತಾ ಎಲೆ?"

"ಇಲ್ಲ, ಹಸಿರೇ ಇತ್ತು, ಬರ್ತ್‌ಡೇ ಇತ್ತಲ್ಲ ಅದಕ್ಕೆ..."

"ಅಲ್ವೇ ಮಾರಾಯ್ತಿ, ಹಸಿರಿರೋ ಅರಿಶಿನದ ಎಲೆ ಪೂರ್ತಿ ಕೊಯ್ದು ಯಾರಾದ್ರೂ ಎಸೀತಾರೇನೇ? ಆಮೇಲೆ ಗೆಡ್ಡೆ ಏನು ಆಕಾಶದಿಂದ ಬೀಳುತ್ತಾ? ಆ ಮಷೀನು ತಲೆ ಕಡೀತೇ ವಿನಾ ಎಲೆ ಮುಟ್ಲಿಲ್ಲ, ನೀನು ನೋಡ್ಲಿಲ್ವಾ? ಹೂ ಕಿತ್ರೂ ಪರವಾಗಿಲ್ಲ, ಎಲೆ ಮುಟ್ಬೇಡ."

ನಾನು ಅಷ್ಟು ಹೊತ್ತು ಅವಳಿಗೆ ಕೊಪ್ಪೆನ್ ಬಗ್ಗೆ ಲೆಕ್ಚರ್ ಕೊಟ್ಟು, ಅದರ ಅರ್ಥ ಮಾತ್ರ ನನ್ನ ತಲೆಗೆ ಹೋಗಿರ್ಲಿಲ್ಲ ನೋಡಿ. ನಾಗರಪಂಚಮಿಗೆ ಕಡುಬಿಗೆ ಅರಿಶಿನದ ಎಲೆ ಬೇಕಂದ್ರೂ ಒಂದು ಬುಡದಿಂದ ಒಂದು ಎಲೆಗಿಂತ ಜಾಸ್ತಿ ಕೀಳೋಕೆ ಬಿಡ್ತಿರ್ಲಿಲ್ಲ ಅಮ್ಮ, ಒಂದು ಕೊಯ್ದು ಮುಂದಿನ ಬುಡಕ್ಕೆ ಹೋಗು ಅನ್ನೋಳು. ಸುವರ್ಣಗೆಡ್ಡೆ ಕೀಳೋದೂ ದಂಟು ಹಳದಿಯಾಗಿ ಮುರಿದು ಬಿದ್ದ ಮೇಲೇನೆ. ಇದೆಲ್ಲ ನಾನು ಹುಟ್ಟಿದಾಗಿಂದ ನೋಡಿದ್ದು, ಆದ್ರೆ ಗೆಡ್ಡೆಗೆ ಬಲ್ಬ್ ಅಂತ ಇಂಗ್ಲಿಷ್ ಹೆಸರಿಟ್ಟು ಚಂದದ ಪ್ಯಾಕೆಟಲ್ಲಿ ಕೊಟ್ಟ ತಕ್ಷಣ ಇದು ಬೇರೆ ಯಾವುದೋ ವಸ್ತು ಅನ್ನಿಸಿಬಿಟ್ಟಿತ್ತು.

ಆಮೇಲೆ ಓದಿದಾಗ ಪೂರ್ತಿ ಅರ್ಥ ಆಯ್ತು. ನೀವು ಅಂಗಡಿಯಿಂದ ತರೋ ಗೆಡ್ಡೆ ಒಳಗೆ ಆಗ್ಲೇ ಹೂ ಇರುತ್ತೆ. ತಮಾಷೆ ಅಲ್ಲ, ಅಕ್ಟೋಬರಲ್ಲಿ ಒಂದು ಟ್ಯುಲಿಪ್ ಗೆಡ್ಡೆ ಉದ್ದಕ್ಕೆ ಸೀಳಿ ನೋಡಿದೆ, ಪದರ ಪದರದ ಮಧ್ಯ ಭತ್ತದ ಕಾಳಿನಷ್ಟು ಮೊಗ್ಗು, ಭೂತಗನ್ನಡಿ ಹಿಡಿದ್ರೆ ದಳ ಕೇಸರ ಎಲ್ಲ ಕಾಣುತ್ತೆ. ಹಾಗಾಗಿ ಮೊದಲ ವರ್ಷ ಹೂ ಬಂದಿದ್ದರಲ್ಲಿ ನನ್ನದೇನೂ ದೊಡ್ಡಸ್ತಿಕೆ ಇಲ್ಲ, ಅದು ಬೆಳೆದ ರೈತನ ಎಲೆ ಮಾಡಿದ ಕೆಲಸ. ನನ್ನ ಎಲೆ ಮಾಡೋ ಕೆಲಸ ಎರಡನೇ ವರ್ಷದ ಹೂವಿಗೆ. ಟ್ಯುಲಿಪ್ ಇನ್ನೂ ವಿಚಿತ್ರ, ನೆಟ್ಟ ಗೆಡ್ಡೆ ಹೂ ಕೊಟ್ಟು ಪೂರ್ತಿ ಸವೆದು ಹೋಗುತ್ತೆ, ಅದರ ಜಾಗದಲ್ಲಿ ಹೊಸ ಮರಿಗೆಡ್ಡೆಗಳು ಹುಟ್ಟುತ್ತೆ, ಆ ಮರಿಗಳು ದಪ್ಪ ಆಗೋದು ಹೂ ಉದುರಿದ ಮೇಲಿನ ಆ ಐದಾರು ವಾರದಲ್ಲಿ. ಡ್ಯಾಫೊಡಿಲ್ ಹಾಗಲ್ಲ, ಅದೇ ಗೆಡ್ಡೆ ವರ್ಷ ವರ್ಷ ಇರುತ್ತೆ ಪಕ್ಕದಲ್ಲಿ ಮರಿ ಹಾಕುತ್ತೆ, ಆದ್ರೆ ಅದು ಮುಂದಿನ ವರ್ಷದ ಮೊಗ್ಗು ಕಟ್ಟೋಕೆ ಶುರು ಮಾಡೋದೇ ಮೇ ತಿಂಗಳಲ್ಲಿ, ಇನ್ನೂ ಎಲೆ ಹಸಿರಿರುವಾಗ. ನಾನು ಕತ್ತರಿ ಹಾಕಿದ್ದೂ ಸರಿಯಾಗಿ ಅದೇ ತಿಂಗಳು.

ಜೂನ್ ಕೊನೇಲಿ ಅಮ್ಮ ಊರಿಗೆ ಹೋಗೋ ಮುಂಚೆ ಇಬ್ಬರೂ ಸೇರಿ ಟ್ಯುಲಿಪ್ ಅಗೆದ್ವಿ. ನೂರು ನೆಟ್ಟಿದ್ದಕ್ಕೆ ಸುಮಾರು ನೂರೈವತ್ತು ಸಿಕ್ತು, ಆದ್ರೆ ಬಹುಪಾಲು ಹೆಬ್ಬೆರಳ ಉಗುರಿನಷ್ಟು, ಬೆಳ್ಳುಳ್ಳಿ ಎಸಳಿಗಿಂತ ಸ್ವಲ್ಪ ದೊಡ್ಡದು. ಅಗೆಯೋದು ಯಾಕಂದ್ರೆ ಕಾಡು ಟ್ಯುಲಿಪ್‌ನ ಮೂಲ ಮಧ್ಯ ಏಷ್ಯಾದ ಬೆಟ್ಟಗಳು, ತಿಯಾನ್‌ಶಾನ್ ಪಾಮಿರ್ ಕಡೆ, ಅಲ್ಲಿ ಚಳಿ ಅಂದ್ರೆ ಚಳಿ ಬೇಸಿಗೆ ಅಂದ್ರೆ ಒಣ ಸುಡುಬಿಸಿಲು. ಇಲ್ಲಿ ಜುಲೈ ಆಗಸ್ಟಲ್ಲೂ ಪಿರಿಪಿರಿ ಮಳೆ, ಮಣ್ಣಲ್ಲೇ ಬಿಟ್ರೆ ನೆನೆದು ಕೂರುತ್ತೆ. ಕಿತ್ತು ಮಣ್ಣು ಒದರಿ ನೆರಳಲ್ಲಿ ಒಣಗಿಸಿ ಬಲೆ ಚೀಲದಲ್ಲಿ ಗಾಳಿಯಾಡೋ ಕಡೆ ನೇತು ಹಾಕ್ಬೇಕು, ತೊಳೀಬಾರ್ದು. ಡ್ಯಾಫೊಡಿಲ್ ಕ್ರೋಕಸ್ ಇವನ್ನ ಕೀಳೋ ಅಗತ್ಯ ಇಲ್ಲ, ನಾನು ಡ್ಯಾಫೊಡಿಲ್ ಜಾಗ ಬದಲಾಯಿಸೋದಿತ್ತು ಅಂತ ಅದನ್ನೂ ಕಿತ್ತೆ, ಅದೇ ತಲೆನೋವಾಗಿದ್ದು.

ಹೊರಗಿನ ಶೆಡ್ಡಲ್ಲಿ ನೇತು ಹಾಕಿದ್ದೆ. ಎರಡು ದಿನ ಬಿಟ್ಟು ಆಫೀಸಿಂದ ಬರ್ತೀನಿ, ಡ್ಯಾಫೊಡಿಲ್ ಚೀಲ ಅಡುಗೆಮನೆ ಕಟ್ಟೆ ಮೇಲೆ! "ಅಷ್ಟು ಒಳ್ಳೆ ಸಾಂಬಾರ್ ಈರುಳ್ಳಿ ಹೊರಗೆ ಯಾಕ್ ಬಿಟ್ಟಿದೀಯ" ಅಂತ ಅಮ್ಮ ಎರಡು ಸುಲಿದೂ ಇಟ್ಟಿದಾಳೆ. ಹುಳಿಗೆ ಹಾಕೋಕೆ ಹೊರಟವಳು ಸುಲೀವಾಗ ಕಣ್ಣಲ್ಲಿ ನೀರು ಬರ್ಲಿಲ್ಲ ವಾಸನೆನೂ ಇಲ್ಲ ಅಂತ ಅನುಮಾನ ಬಂದು ನಿಲ್ಲಿಸಿದಾಳೆ, ಪುಣ್ಯ. ಡ್ಯಾಫೊಡಿಲ್ ಗೆಡ್ಡೆ ವಿಷ ಕಣ್ರೀ, ಲೈಕೋರಿನ್ ಅಂತ ಇರುತ್ತೆ, ತಿಂದ್ರೆ ಹೊಟ್ಟೆ ತೊಳೆಸಿ ವಾಂತಿ, ಬೇಯಿಸಿದ್ರೂ ಹೋಗಲ್ಲ. ಅದಕ್ಕೇ ಇಲಿ ಹೆಗ್ಗಣ ಟ್ಯುಲಿಪ್ ಕಡಿದು ತಿಂದ್ರೂ ಡ್ಯಾಫೊಡಿಲ್ ಮೂಸಿ ಬಿಟ್ಟು ಹೋಗುತ್ತೆ. ದಯವಿಟ್ಟು ಈ ಗೆಡ್ಡೆಗಳನ್ನ ಅಡುಗೆಮನೆ ಹತ್ರ ಇಡ್ಬೇಡಿ, ಅದರಲ್ಲೂ ಊರಿಂದ ಅಮ್ಮ ಅತ್ತೆ ಬಂದಿದ್ರೆ.

ಹಯಸಿಂತ್ ಗೆಡ್ಡೆ ಒಣ ಸಿಪ್ಪೆ ಬಿಡಿಸಿದ ದಿನ ಇಬ್ಬರಿಗೂ ಕೈ ಕಡಿತ, ಮೊಣಕೈವರೆಗೂ ಕೆರ್ಕೊಂಡು ಕೂತ್ವಿ. ಅಮ್ಮ ಒಂದೇ ಮಾತು, "ಕೆಸುವಿನ ತುರಿಕೆ ಇದು" ಅಂದ್ಲು, ಹುಣಸೆಹಣ್ಣು ಕಿವುಚಿ ಹಚ್ಚಿದ್ಲು. ನನಗೆ ನಗು ಬಂತು, ಆದ್ರೆ ನೋಡಿದ್ರೆ ಅವಳು ಹೇಳಿದ್ದು ಅಕ್ಷರಶಃ ಸರಿ, ಕೆಸು ಸುವರ್ಣಗೆಡ್ಡೆಲಿ ಇರೋ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಹಯಸಿಂತ್ ಗೆಡ್ಡೆಲೂ ಇರುತ್ತೆ. ಹುಣಸೆಯಿಂದ ಹೋಯ್ತೋ ತೊಳೆದಿದ್ದಕ್ಕೆ ಹೋಯ್ತೋ, ಅಂತೂ ಹೋಯ್ತು. ಈಗ ಗ್ಲೌಸ್ ಹಾಕ್ಕೋತೀನಿ.

ಈರುಳ್ಳಿ ಕಥೆ ಪಕ್ಕದ ಮನೆ ಅಜ್ಜಿಗೆ ಹೇಳಿ ನಗೋಣ ಅಂತ ಹೋದ್ರೆ ಅವರು ನಗ್ಲಿಲ್ಲ. ಎರಡನೇ ಮಹಾಯುದ್ಧದ ಕೊನೇಲಿ, 1944-45ರ ಚಳಿಗಾಲದಲ್ಲಿ, ಈ ದೇಶ ಹಿಡ್ಕೊಂಡಿದ್ದ ಜರ್ಮನ್ನರು ಊಟದ ಸಾಮಾನು ಬರದ ಹಾಗೆ ಮಾಡಿದ್ದಾಗ, ಅವರಮ್ಮ ಟ್ಯುಲಿಪ್ ಗೆಡ್ಡೆ ಬೇಯಿಸಿ ಕೊಡ್ತಿದ್ರಂತೆ, ಒಳಗಿನ ಹಳದಿ ಮೊಳಕೆ ತೆಗೆದು ಹಾಕಿ. ಇವರು ತುಂಬಾ ಚಿಕ್ಕವರು ಆಗ, ರುಚಿ ನೆನಪಿಲ್ಲ, ಗಂಟಲು ಉರಿದಿದ್ದು ನೆನಪಿದೆ ಅಂದ್ರು. ಆ ಚಳಿಗಾಲ ಈ ದೇಶದಲ್ಲಿ ಸುಮಾರು 20,000 ಜನ ಹಸಿವಿಂದ ಸತ್ರು. ನಾನು ಅದನ್ನ ಕನ್ನಡದಲ್ಲಿ ಹೇಳ್ತಾ ಹೋದೆ, ಅಮ್ಮ ಕೇಳ್ತಾ ಹೋದ್ಲು, ಆಮೇಲೆ ಒಳಗೆ ಹೋಗಿ ಒಂದು ಡಬ್ಬ ಕೋಡುಬಳೆ ತಂದು ಅವರ ಕೈಗೆ ಕೊಟ್ಲು. ಅಲ್ಲಿಂದ ಮುಂದೆ ಅವರಿಬ್ಬರೂ ಬೇಲಿ ಈ ಕಡೆ ಆ ಕಡೆ ನಿಂತು ಯಾವ ಭಾಷೇಲಿ ಮಾತಾಡ್ತಿದ್ರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೋಗೋ ದಿನ ಸೂಟ್‌ಕೇಸ್ ತೂಕ ನೋಡುವಾಗ ಸೀರೆ ಮಡಿಕೆಯಿಂದ ಆರು ಟ್ಯುಲಿಪ್ ಗೆಡ್ಡೆ ಉರುಳಿ ಬಿತ್ತು. ಮಲೆನಾಡಿನ ಹೆಂಗಸರು ಯಾರ ಮನೆಗೆ ಹೋದ್ರೂ ಒಂದು ಗಿಡದ ತುಂಡು ಮುರ್ಕೊಂಡು ಬರ್ದೇ ಇರಲ್ಲ ಅನ್ನೋದು ನಿಮಗೂ ಗೊತ್ತು. ಆದ್ರೆ ಭಾರತಕ್ಕೆ ಗೆಡ್ಡೆ ಗಿಡ ಎಲ್ಲ ಸುಮ್ನೆ ಚೀಲದಲ್ಲಿ ಹಾಕ್ಕೊಂಡು ಹೋಗೋ ಹಾಗಿಲ್ಲ, 2003ರಿಂದ ಅದಕ್ಕೊಂದು ಕ್ವಾರಂಟೈನ್ ಆದೇಶನೇ ಇದೆ, ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು. ತೆಗೆದಿಟ್ಟೆ. "ನಮ್ಮನೆ ಮೇ ಫ್ಲವರ್ ಗೆಡ್ಡೆ ಮುಂದೆ ಇದೇನು ಮಹಾ" ಅಂದ್ಲು, ಸಿಟ್ಟು ಬಂದಿತ್ತು.

ಅವಳು ಹೇಳಿದ್ದೂ ನಿಜವೇ, ಬೆಂಗಳೂರಲ್ಲಿ ಆಗುತ್ತಾ ಅಂತ ಕೇಳಿದವರಿಗೆ ನನ್ನ ಉತ್ತರ ಅದೇ. ಟ್ಯುಲಿಪ್ ಮಾಡ್ಲೇಬೇಕು ಅಂತ ಹಠ ಇದ್ರೆ ಪೇಪರ್ ಕವರಲ್ಲಿ ಹಾಕಿ ಫ್ರಿಡ್ಜ್ ತರಕಾರಿ ಡ್ರಾಯರಲ್ಲಿ 12-14 ವಾರ ಇಟ್ಟು, ಡಿಸೆಂಬರ್ ಜನವರಿ ಚಳೀಲಿ ಕುಂಡಕ್ಕೆ ಹಾಕಿ. ಜೊತೆಗೆ ಆಪಲ್ ಬಾಳೆಹಣ್ಣು ಇಡ್ಬೇಡಿ, ಹಣ್ಣು ಬಿಡೋ ಎಥಿಲೀನ್ ಗ್ಯಾಸಿಗೆ ಒಳಗಿನ ಮೊಗ್ಗು ಸಾಯುತ್ತೆ. ಅಷ್ಟೆಲ್ಲ ಮಾಡಿದ್ರೂ ಗಿಡ್ಡ ಕಾಂಡದ ಒಂದು ಹೂ ಬಂದು ಒಂದು ವಾರ ಇರುತ್ತೆ, ಮುಂದಿನ ವರ್ಷ ಬರಲ್ಲ. ಟ್ಯುಲಿಪ್ ನೋಡ್ಬೇಕು ಅಂದ್ರೆ ಶ್ರೀನಗರಕ್ಕೆ ಹೋಗಿ, ದಾಲ್ ಸರೋವರದ ಹತ್ರ ಜಬರ್ವಾನ್ ಬೆಟ್ಟದ ಬುಡದಲ್ಲಿ 2007ರಲ್ಲಿ ಮಾಡಿದ ತೋಟ ಇದೆ, ಮಾರ್ಚ್ ಕೊನೆಯಿಂದ ಏಪ್ರಿಲ್ ಒಳಗೆ ಹೋಗ್ಬೇಕು. ಮನೇಲಿ ಬೆಳೆಸೋಕೆ ನಮ್ಮ ಕಡೆಯ ಬೇಸಿಗೆ ಗೆಡ್ಡೆಗಳೇ ಸಾಕು. ಆ ದೊಡ್ಡ ಕೆಂಪು ತುತ್ತೂರಿ ಲಿಲ್ಲಿ, ನರ್ಸರಿಯವರು ಅಮರಿಲ್ಲಿಸ್ ಅಂತ ಕೊಡೋದು, ಅದರ ಕುತ್ತಿಗೆ ಮಣ್ಣಿಂದ ಹೊರಗಿರೋ ಹಾಗೆ ನೆಟ್ಟು ಡಿಸೆಂಬರ್ ಜನವರೀಲಿ ನೀರು ಕಮ್ಮಿ ಮಾಡಿದ್ರೆ ಮಾರ್ಚ್ ಏಪ್ರಿಲಲ್ಲಿ ಹೂ. ಮೊದಲ ಮಳೆ ಬಿದ್ದ ಮೇಲೆ ಏಳೋ ಮೇ ಫ್ಲವರ್ ಅಂತೂ ನೀವು ಮರೆತ್ರೂ ಅದು ಮರೆಯಲ್ಲ, ಬರೀ ನೆಲದಿಂದ ಕೆಂಪು ಚೆಂಡು ಎದ್ದು ನಿಲ್ಲುತ್ತೆ. ಎರಡಕ್ಕೂ ಹೂ ಆದ್ಮೇಲೆ ಬರೋ ಎಲೆ ಕತ್ತರಿಸ್ಬೇಡಿ.

ಈ ವರ್ಷದ ಲೆಕ್ಕ ಕೇಳ್ತೀರಾದ್ರೆ, ಹೋದ ನವೆಂಬರಲ್ಲಿ ಆ ಮರಿಗೆಡ್ಡೆಗಳನ್ನ ಒಂದು ಮೂಲೇಲಿ ಬೇರೆ ನೆಟ್ಟೆ, ಹೊಸದಾಗಿ 50 ತಂದೆ. ಹೊಸ ಜಾತಿಗಳಲ್ಲಿ ಝಾಲರಿ ಇರೋದು, ಡಬಲ್ ಇರೋದು ನೋಡೋಕೆ ಚಂದ ಆದ್ರೆ ಒಂದು ವರ್ಷದ ನೆಂಟರು, ಇಲ್ಲಿನವರೇ ಎಷ್ಟೋ ಜನ ಅದನ್ನ ಚೆಂಡುಹೂವಿನ ತರ ಒಂದು ಸೀಸನ್ ಇಟ್ಟು ಎಸೀತಾರೆ. ತಿರುಗಿ ಬರೋದು ಬೇಕಂದ್ರೆ ಡಾರ್ವಿನ್ ಹೈಬ್ರಿಡ್ ತಗೊಳ್ಳಿ, ಆಪಲ್‌ಡೋರ್ನ್ ಅಂತ ಒಂದು ಕೆಂಪಿದೆ ನನಗೆ ಅದೇ ಇಷ್ಟ, ಇಲ್ಲಾ ಟಾರ್ಡಾ ತರದ ಗಿಡ್ಡ ಕಾಡು ಟ್ಯುಲಿಪ್. ಬರೀ ನೆಮ್ಮದಿ ಬೇಕಂದ್ರೆ ಡ್ಯಾಫೊಡಿಲ್ ನೆಡಿ, ಟೆಟ್-ಅ-ಟೆಟ್ ಅಂತ ಗೇಣುದ್ದದ ಪುಟಾಣಿ ಇದೆ, ನಮ್ಮದು ಅಷ್ಟು ಕಷ್ಟ ಪಟ್ಟು ಈ ಮಾರ್ಚಲ್ಲಿ ಮತ್ತೆ 19 ಹೂ ಕೊಡ್ತು. ಮರಿ ಟ್ಯುಲಿಪ್‌ಗಳಲ್ಲಿ ಹೂವಿಗೆ ಬಂದಿದ್ದು ಆರು. ಹೂ ಬಾಡಿದ ದಿನವೇ ತಲೆ ಚಿವುಟಿದೆ, ಎಲೆ ಮುಟ್ಟಿಲ್ಲ, ಗಂಟು ಕಟ್ಟೋದು ಜಡೆ ಹಾಕೋದು ಎಲ್ಲ ಮಾಡ್ತಾರೆ ಕೆಲವರು ಅದೂ ಮಾಡಿಲ್ಲ, ಬಿಸಿಲು ಬೀಳ್ಬೇಕಲ್ಲ ಅದಕ್ಕೆ. ಸ್ವಲ್ಪ ಪೊಟ್ಯಾಶ್ ಗೊಬ್ಬರ ಹಾಕ್ದೆ ಅಷ್ಟೆ.

ಅಮ್ಮ ವಾರಕ್ಕೊಂದ್ಸಲ ವಿಡಿಯೋ ಕಾಲಲ್ಲಿ ಕ್ಯಾಮೆರಾ ಹಿತ್ತಲ ಕಡೆ ತಿರುಗಿಸು ಅಂತಾಳೆ, ನನ್ನ ಮುಖ ನೋಡೋದು ಆಮೇಲೆ. ನಿನ್ನೆ ನೋಡಿ "ಇನ್ನೂ ಬುಡದಲ್ಲಿ ಹಸಿರಿದೆ, ಬಿಡು" ಅಂದ್ಲು. ಈ ಶನಿವಾರ ಮತ್ತೆ ಮಗನ ಬರ್ತ್‌ಡೇ ಪಾರ್ಟಿ, ಮಳೆ ಅಂತ ಮೂರು ವಾರ ಮುಂದಕ್ಕೆ ಹಾಕಿದ್ದು, ಇಪ್ಪತ್ತು ಜನ ಬರ್ತಾರೆ. ನಮ್ಮನೆಯವರು ಕತ್ತರಿ ಎಲ್ಲಿ ಅಂತ ಹುಡುಕ್ತಾ ಇದಾರೆ. ನಾನು ಅದನ್ನ ಅಕ್ಕಿ ಡಬ್ಬದ ಹಿಂದೆ ಇಟ್ಟಿದೀನಿ, ಪಾತಿ ಮುಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಹಾಕಿದೀನಿ.